ಗಲ್ಲಾದ ಮೇಲಿನ ಅನ್ನಪೂರ್ಣೆ

ಶುಕ್ರವಾರ ಬೆಳಿಗ್ಗೆ ಗಂಧ ತೇಯುವುದು ಜಲಜತ್ತೆಯ ಕೆಲಸ. ಅದನ್ನು ಹೋಟೆಲಿನ ಪಟಗಳ ಹಣೆಗೆ ಹಚ್ಚಿ ಮೇಲೆ ಕುಂಕುಮ ಇಡುವುದು ಅಮ್ಮನ ಕೆಲಸ. ಹೀಗೆಂದು ಯಾರೂ ಕೂತು ಗೊತ್ತುಮಾಡಿದ್ದಲ್ಲ. ಅಪ್ಪಯ್ಯನ ಅಕ್ಕ ಜಲಜಾಕ್ಷಿ ಹದಿನೆಂಟರಲ್ಲೇ ಗಂಡನನ್ನು ಕಳೆದುಕೊಂಡವಳು, ಕುಂಕುಮ ಮುಟ್ಟುವ ಹಾಗಿಲ್ಲ. ಅಮ್ಮನಿಗೆ ಗಂಧ ತೇದರೆ ಭುಜ ನೋಯುತ್ತದೆ.

ತಮಿಳು ಸೀಮೆಯ ಕೀಲ್ಪಾಕಿನಲ್ಲಿ ನಮ್ಮದು ಎದುರಿಗೆ ಹೋಟೆಲು, ಹಿಂದೆ ಮನೆ. ನಡುವಿನ ಅಡಿಗೆಮನೆಯ ಒಂದು ಬಾಗಿಲು ಹೋಟೆಲಿನ ಹಾಲಿಗೆ ತೆರೆಯುತ್ತದೆ. ಆ ಬಾಗಿಲನ್ನು ಅತ್ತೆ ದಾಟಿದ್ದನ್ನು ನಾನು ನೋಡಿರಲಿಲ್ಲ. ವ್ಯಾಪಾರದ ಜಾಗ, ಬೋಳಿಸಿದ ತಲೆಯ ಮೇಲೆ ಕೆಂಪು ಸೆರಗು ಹೊದ್ದ ಹೆಂಗಸು ಗಲ್ಲಾಪೆಟ್ಟಿಗೆಗೆ ಎದುರಾಗಬಾರದು. ಬರಬೇಡ ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಅವಳೇ ಬರುತ್ತಿರಲಿಲ್ಲ. ಅಮ್ಮ ತಟ್ಟೆ ಹಿಡಿದು ಹೋಗಿ ಬರುವವರೆಗೆ ಗಂಧದ ಕಲ್ಲಿನ ಹತ್ತಿರ ಕುಳಿತಿರುತ್ತಿದ್ದಳು.

“ಇಟ್ಟಿಯಾ?”

“ಇಟ್ಟೆ ಅತ್ತಿಗೆ.”

“ಎಲ್ಲದಕ್ಕೂ?”

“ಎಲ್ಲದಕ್ಕೂ.”

ಆಮೇಲೆ ಎದ್ದು ಕಲ್ಲು ತೊಳೆಯುತ್ತಿದ್ದಳು. ವಾರಕ್ಕೊಮ್ಮೆ ಈ ಮಾತು ಕೇಳಿ ಕೇಳಿ ನನಗದು ಗಡಿಯಾರ ಹೊಡೆದ ಹಾಗಾಗಿತ್ತು.

ಹಾಲಿನಲ್ಲಿ ಐದು ಪಟ. ನಾಲ್ಕಕ್ಕೆ ಗಾಜು ಹಾಕಿತ್ತು. ಅಪ್ಪಯ್ಯ ಕೂರುವ ಗಲ್ಲಾದ ಮೇಲಿನ ಐದನೆಯದು ಹಲಗೆಯ ಮೇಲೆ ಎಣ್ಣೆಬಣ್ಣದಲ್ಲಿ ಬರೆದದ್ದು, ಅದಕ್ಕೆ ಗಾಜಿರಲಿಲ್ಲ. ಕೆಂಪು ಸೀರೆಯ ಹೆಂಗಸೊಬ್ಬಳು ತಲೆಯ ಮೇಲೆ ಸೆರಗು ಹೊದ್ದು, ಒಂದು ಕೈಯನ್ನು ಹಿತ್ತಾಳೆಯ ಉರುಳಿಯ ಮೇಲಿಟ್ಟು, ಮುಖ ತಗ್ಗಿಸಿ ಕುಳಿತಿದ್ದಾಳೆ. ನಾನು ಮೂರು ವರ್ಷದವಳಿದ್ದಾಗ ನಮ್ಮ ಮಹಡಿಯ ಕೋಣೆಯಲ್ಲಿದ್ದ ಪೇಂಟರ್ ಹರಿದಾಸ ಎಂಬವನು ಊರು ಬಿಡುವಾಗ ಅದನ್ನು ಅಡಿಗೆಯ ಗುಂಡಣ್ಣನ ಕೈಗೆ ಕೊಟ್ಟು, “ಮನೆಯವರಿಗೆ ಕೊಡಿ” ಎಂದು ಹೋಗಿದ್ದನಂತೆ. ಊಟ ಹಾಕಿದ ಮನೆಗೆ ಅನ್ನಪೂರ್ಣೆಯ ಪಟ ಬರೆದುಕೊಟ್ಟ ಎಂದು ಅಪ್ಪಯ್ಯನಿಗೆ ಸಂತೋಷ. ಆ ದಿನವೇ ಮೊಳೆ ಹೊಡೆದು ತೂಗುಹಾಕಿದರು. ಅಮ್ಮ ನೋಡಿ, “ಪಾಪ, ಹಣೆಗೆ ಇಡ್ಲಿಕ್ಕೇ ಮರೆತಿದ್ದಾನೆ” ಎಂದು ಗಂಧ ಹಚ್ಚಿ ಕುಂಕುಮ ಇಟ್ಟಳು. ಅಂದಿನಿಂದ ಪ್ರತಿ ಶುಕ್ರವಾರ. ಗಾಜಿನ ಪಟಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಹೊಸದಾಗಿ ಇಡುತ್ತಿದ್ದಳು. ಬಣ್ಣ ಹೋದೀತೆಂದು ಇದನ್ನು ಮಾತ್ರ ಒರೆಸುತ್ತಿರಲಿಲ್ಲ. ಹಳೆಯದರ ಮೇಲೆ ಹೊಸದು ಕೂತು ಅನ್ನಪೂರ್ಣೆಯ ಹಣೆಯಲ್ಲಿ ಹುಣಸೆಬೀಜದಷ್ಟು ದಪ್ಪದ ಗಟ್ಟಿ ಬೊಟ್ಟು ಆಗಿತ್ತು. ಅಪ್ಪಯ್ಯ ಬೆಳಿಗ್ಗೆ ಅದಕ್ಕೆ ಕೈಮುಗಿಯದೆ ಗಲ್ಲಾ ತೆರೆಯುತ್ತಿರಲಿಲ್ಲ.

ಅರವತ್ತಮೂರರ ಜನವರಿ. ಒಂದು ಬುಧವಾರ ಮಧ್ಯಾಹ್ನ ನಾನು ಕಾಲೇಜಿನಿಂದ ಬಂದು ಹಾಲಿನಲ್ಲೇ ಕಾಫಿ ಕುಡಿಯುತ್ತಿದ್ದೆ. ಕಂಕುಳಲ್ಲಿ ಕಾಗದದ ಕಟ್ಟು ಹಿಡಿದ ಒಬ್ಬ ತೆಳ್ಳಗಿನ ಮನುಷ್ಯ ಗಲ್ಲಾದ ಎದುರು ಬಂದು ನಿಂತ.

“ನಮಸ್ಕಾರ ರಾಯರೇ. ನಾನು ಬದರಿನಾಥ, ಚಿತ್ರಕಲೆ ಮೇಷ್ಟ್ರು. ನಮ್ಮ ಗುರುಗಳು ಹರಿದಾಸ್ ಅಂತ. ನಿಮಗೆ ಗೊತ್ತಿರಬೇಕಲ್ಲ.”

“ಪೇಂಟರ್ ಹರಿದಾಸನಾ? ಗೊತ್ತಿಲ್ಲದೆ ಎಂತ. ಎರಡು ವರ್ಷ ಇಲ್ಲೇ ಮೇಲೆ ಇದ್ದ. ಕೋಡಂಬಾಕ್ಕಂ ಸಿನೆಮಾ ಸ್ಟುಡಿಯೋದಲ್ಲಿ ಪರದೆ ಬರೀತಿದ್ದ. ಬದುಕಿದ್ದಾನಾ?”

“ಇದ್ದಾರೆ. ಪಾರ್ಶ್ವ ಬಡಿದು ಬಲಗೈ ಹೋಗಿದೆ. ಈಗ ಎಡಗೈಯಲ್ಲೇ ಬರೀತಾರೆ.”

“ಅಯ್ಯೋ. ಕೂತ್ಕೊಳ್ಳಿ. ಒಂದು ಕಾಫಿ ತಗೊಳ್ಳಿ.”

ಬದರಿನಾಥ ಕುಳಿತು ವಿಷಯ ಹೇಳಿದ. ಮುಂದಿನ ತಿಂಗಳು ಎಗ್ಮೂರಿನ ಒಂದು ಹಾಲಿನಲ್ಲಿ ಗುರುಗಳ ಚಿತ್ರಗಳ ಪ್ರದರ್ಶನ. ಎಳೆತನದಿಂದ ಇವತ್ತಿನವರೆಗೆ ಬರೆದದ್ದೆಲ್ಲ ಒಂದೇ ಕಡೆ. ಶಿಷ್ಯರು ಪಟ್ಟಿ ಹಿಡಿದುಕೊಂಡು ಊರೂರು ಸುತ್ತಿ ಸೇರಿಸುತ್ತಿದ್ದಾರೆ.

“ಹನ್ನೊಂದನೇದು ಮಾತ್ರ ಎಲ್ಲೂ ಸಿಗಲಿಲ್ಲ ರಾಯರೇ. ಕೀಲ್ಪಾಕ್ ಹೋಟೆಲ್‌ನಲ್ಲಿ ಬಿಟ್ಟುಬಂದೆ ಅಂದ್ರು...”

ಹೇಳುತ್ತಾ ತಲೆಯೆತ್ತಿದವನು ಲೋಟ ಕೆಳಗಿಟ್ಟ. ಎದ್ದು, ಅಪ್ಪಯ್ಯನ ತಲೆಯ ಮೇಲಿನಿಂದ ಗೋಡೆ ನೋಡಿದ.

“ಇದೇ. ಇದೇ ಅಲ್ವಾ!”

“ಅದು ನಮ್ಮ ಅನ್ನಪೂರ್ಣೆ. ಅದನ್ನೆಲ್ಲ ಕೊಡ್ಲಿಕ್ಕೆ ಆಗೂದಿಲ್ಲ, ಪೂಜೆ ಉಂಟು.”

“ಹತ್ತೇ ದಿನ ರಾಯರೇ. ಆದ್ರೆ ಪಟ್ಟಿಯಲ್ಲಿ ಅನ್ನಪೂರ್ಣೆ ಅಂತ ಇಲ್ಲ.” ಆತ ಕಾಗದ ಬಿಚ್ಚಿ ಬೆರಳಿಟ್ಟು ಓದಿದ. “ಹನ್ನೊಂದು. ಜಲಜಾಕ್ಷಿ. ಹಲಗೆಯ ಮೇಲೆ ಎಣ್ಣೆಬಣ್ಣ. ಕೀಲ್ಪಾಕ್, ಸಾವಿರದ ಒಂಬೈನೂರ ನಲವತ್ತಾರು. ಜಲಜಾಕ್ಷಿ ಅಂದ್ರೆ ದೇವಿ ಹೆಸರಾ?”

ಅಪ್ಪಯ್ಯ ಗಲ್ಲಾದ ಮುಚ್ಚಳ ಮುಚ್ಚಿದರು.

“ಕಾಫಿ ಕುಡೀರಿ, ಆರ್ತದೆ. ಮುಂದಿನ ವಾರ ಬನ್ನಿ. ಈಗ ಹೋಗಿ.”

ಆತ ಹೊರಗೆ ಹೋದದ್ದೇ ತಡ ಅಪ್ಪಯ್ಯ ಕುರ್ಚಿ ಎಳೆದು ಹತ್ತಿದರು. ಎರಡು ಮೇಜಿನಲ್ಲಿ ಗಿರಾಕಿಗಳಿದ್ದರು. ದೋಸೆ ಮುರಿಯುತ್ತಿದ್ದವರು ನೋಡುತ್ತಾ ಕುಳಿತರು. ಮೊಳೆಯಿಂದ ಪಟ ಬಿಡಿಸಿ, ತೋಳಿನಷ್ಟು ದೂರ ಹಿಡಿದು, ಆ ತಗ್ಗಿಸಿದ ಮುಖವನ್ನು ಮೊದಲ ಸಲವೆಂಬಂತೆ ನೋಡಿದರು. ಆಮೇಲೆ ಅದನ್ನು ಉಗ್ರಾಣಕ್ಕೆ ಒಯ್ದು ಅಕ್ಕಿಮೂಟೆಯ ಹಿಂದೆ ಗೋಡೆಗೆ ಮುಖ ಮಾಡಿ ನಿಲ್ಲಿಸಿದರು.

“ನೀನು ಎಂತ ನೋಡ್ತಾ ನಿಂತದ್ದು? ಒಳಗೆ ನಡಿ.”

ನಮ್ಮ ಮನೆಯವರ ಊಟ ಗಿರಾಕಿಗಳ ಊಟ ಮುಗಿದ ಮೇಲೆ, ಎರಡೂವರೆಗೆ. ಮರುದಿನ ಅಪ್ಪಯ್ಯ ಎಲೆಯ ಮುಂದೆ ಕುಳಿತು ಸಾರು ಕಲಸಿದರು, ತುತ್ತು ಎತ್ತಲಿಲ್ಲ.

“ಅಕ್ಕ, ಒಂದು ಮಾತು ಕೇಳ್ತೇನೆ. ಆ ಮನುಷ್ಯ ನಿನ್ನನ್ನು ಕೂರಿಸಿ ಪಟ ಬರೆದನಾ?”

ಅತ್ತೆ ಒಲೆಯ ಹತ್ತಿರ ಮಜ್ಜಿಗೆಯ ಪಾತ್ರೆ ಹಿಡಿದುಕೊಂಡಿದ್ದಳು.

“ನನ್ನನ್ನು ಯಾರು ಕೂರಿಸ್ತಾರೆ ಮಧ್ವಾ? ಈ ಮನೆಯಲ್ಲಿ ನಾನು ಕೂರುವುದೇ ಹಾಗಲಕಾಯಿ ಹೆಚ್ಚುವ ಹೊತ್ತಿಗೆ. ಅವನ ಮೆಟ್ಟಿಲಿನಿಂದ ಅಡಿಗೆಮನೆಯ ಕಿಟಕಿ ಕಾಣ್ತದೆ. ನೋಡಿ ಬರೆದಿರಬೇಕು.”

“ಹೆಸರು ಹೇಗೆ ಗೊತ್ತಾಯ್ತು?”

“ದಿನಕ್ಕೆ ಐವತ್ತು ಸಲ ಜಲಜಾಕ್ಷಿ ಜಲಜಾಕ್ಷಿ ಅಂತ ಅಮ್ಮ ಕೂಗ್ತಿದ್ದಳು. ಬೀದಿಗೆಲ್ಲ ಗೊತ್ತಿತ್ತು.”

“ನಿನಗೆ ಗೊತ್ತಿತ್ತಲ್ಲ? ಹೇಳ್ಲಿಲ್ಲ ಯಾಕೆ?”

“ಹಪ್ಪಳ ಒಣಗಿಸ್ಲಿಕ್ಕೆ ಮೇಲೆ ಹೋದಾಗ ಅವನ ಬಾಗಿಲು ತೆರೆದಿತ್ತು, ಪಟ ಎದುರಿಗೇ ಇತ್ತು. ಹೋಲ್ತದಾ ಅಮ್ಮ, ಅಂತ ಕೇಳಿದ. ಮೂಗು ದೊಡ್ಡದಾಯ್ತು ಅಂದೆ. ನಮ್ಮ ಮಾತು ಅಷ್ಟೇ. ಮಾರನೇ ತಿಂಗಳು ಅವನು ಊರು ಬಿಟ್ಟ. ನನಗೆ ಗೊತ್ತಾಗುವಾಗ ನೀನು ಮೊಳೆ ಹೊಡೆದು ಆಗಿತ್ತು, ಗುಣವತಿ ಕುಂಕುಮ ಇಟ್ಟು ಆಗಿತ್ತು. ಇಳಿಸು ಅಂತ ಹೇಳಬೇಕಿತ್ತಾ?”

“ಹೌದು, ಹೇಳಬೇಕಿತ್ತು. ನಾನು ದಿನಾ ಕೈಮುಗೀತೇನೆ ಅದಕ್ಕೆ.”

“ಗೊತ್ತುಂಟು,” ಅತ್ತೆ ಮಜ್ಜಿಗೆ ಬಡಿಸಿದಳು. “ಚಿಕ್ಕವನಿರುವಾಗ ಕಾಲಿಗೆ ಬೀಳು ಅಂದ್ರೆ ಕಂಬ ಸುತ್ತಿ ಓಡ್ತಿದ್ದಿ. ಈಗಲಾದರೂ ಮುಗೀಲಿ ಅಂತ ಸುಮ್ಮನಿದ್ದೆ.”

ನನಗೆ ನಗು ಬಂತು. ಅಪ್ಪಯ್ಯನಿಗೆ ಬರಲಿಲ್ಲ.

ಅಮ್ಮ ಬಾಗಿಲಿಗೆ ಒರಗಿ ನಿಂತಿದ್ದಳು. ಒಂದೇ ದಿನದಲ್ಲಿ ಅವಳ ಮುಖ ಬತ್ತಿಹೋಗಿತ್ತು. “ನಿಮಗೆ ತಮಾಷೆ ಅತ್ತಿಗೆ. ಗಂಡನಿಲ್ಲದವರ ಹಣೆಗೆ ನನ್ನ ಕೈಯಾರೆ ಕುಂಕುಮ ಇಟ್ಟ ಹಾಗಾಯ್ತಲ್ಲ. ಒಂದು ದಿನವಲ್ಲ, ಹದಿನೇಳು ವರ್ಷ. ಇದಕ್ಕೆ ಪ್ರಾಯಶ್ಚಿತ್ತ ಎಂತ?”

“ಹಲಗೆಗೆ ಇಟ್ಟದ್ದು ಗುಣವತಿ. ನನಗಲ್ಲ.”

“ಹಲಗೆಗಾದರೆ ನೀವು ಪ್ರತಿ ವಾರ ಇಟ್ಟಿಯಾ ಇಟ್ಟಿಯಾ ಅಂತ ಕೇಳ್ತಿದ್ದದ್ದು ಎಂತಕ್ಕೆ?”

ಅತ್ತೆ ಪಾತ್ರೆ ಕೆಳಗಿಟ್ಟು ಹಿತ್ತಲಿಗೆ ಹೋದಳು. ಅಪ್ಪಯ್ಯ ಎಲೆ ಮಡಚಿ ಎದ್ದರು.

ಆ ಶುಕ್ರವಾರ ಗಂಧ ತೇಯಲು ಅತ್ತೆ ಬರಲಿಲ್ಲ. ಕಲ್ಲು ಗೋಡೆಗೆ ಒರಗಿಕೊಂಡೇ ಇತ್ತು. ಅಮ್ಮ ತಾನೇ ಕುಳಿತು ತೇದಳು. ಗಂಧ ನೀರು ನೀರಾಗಿ, ಕೃಷ್ಣನ ಹಣೆಯಿಂದ ಗಾಜಿನ ಮೇಲೆ ಇಳಿಯಿತು. ಐದನೆಯ ಪಟದ ಜಾಗದಲ್ಲಿ ಹೊಗೆ ಹಿಡಿಯದ ಬಿಳಿ ಚೌಕ ಮಾತ್ರ ಇತ್ತು. ದಿನಾ ಬರುವ ಗಿರಾಕಿಗಳು ಬಿಲ್ಲಿನ ಹಣ ಕೊಡುತ್ತಾ ಮೇಲೆ ನೋಡಿ, ಪಟ ಎಲ್ಲಿ ಹೋಯಿತೆಂದು ಕೇಳುತ್ತಿದ್ದರು.

“ಎನ್ನ ರಾಯರ್, ಅನ್ನಪೂರ್ಣಿ ಎಂಗೆ?”

“ಫ್ರೇಮಿಗೆ ಕೊಟ್ಟಿದ್ದೇವೆ,” ಎಂದರು ಅಪ್ಪಯ್ಯ. ಎರಡನೆಯ ಸಲ ಅದನ್ನೇ ತಮಿಳಿನಲ್ಲಿ ಹೇಳಿದರು. ನಾಲ್ಕನೆಯ ಸಲ ಸಿಟ್ಟಿನಲ್ಲಿ ಹೇಳಿದರು.

ಒಳಗೆ ಗುಂಡಣ್ಣ ಇಡ್ಲಿ ತಟ್ಟೆ ಇಳಿಸುತ್ತಾ ನನ್ನನ್ನು ಕರೆದ. “ನಾನೇ ಕೊಟ್ಟದ್ದಲ್ವಾ ಆ ಪಟ. ಮನೆಯವರಿಗೆ ಅಂದ್ರೆ ಯಾವ ಮನೆಯವರಿಗೆ ಅಂತ ಅವನು ಹೇಳ್ಲಿಲ್ಲ ಮಾರಾಯ್ತಿ. ನಾನು ಯಜಮಾನರಿಗೆ ಕೊಟ್ಟೆ. ತಪ್ಪಾಯ್ತು ಕಾಣ್ತದೆ.”

ಅವತ್ತು ಮಧ್ಯಾಹ್ನ ಮಹಡಿಯಲ್ಲಿ ಅತ್ತೆ ಹಪ್ಪಳ ಮಗುಚುತ್ತಿದ್ದಳು. ಹರಿದಾಸನಿದ್ದ ಕೋಣೆಯಲ್ಲಿ ಈಗ ಖಾಲಿ ಡಬ್ಬಗಳಿವೆ. ನಾನು ನೆರಳಿನಲ್ಲಿ ಕುಳಿತೆ.

“ಏನ್ ಅತ್ತೆ ಸೊಲ್ಲವೇ ಇಲ್ಲೆ? ನನಗಾದರೂ ಹೇಳಬಹುದಿತ್ತು.”

“ಕನ್ನಡದಲ್ಲಿ ಕೇಳು, ಹೇಳ್ತೇನೆ.”

“ಯಾಕೆ ಹೇಳಲಿಲ್ಲ?”

“ಹೇಳಿದ್ರೆ ಇಳಿಸ್ತಿದ್ರು. ಈಗ ಇಳಿಸಿದ ಹಾಗೆ.” ಅವಳು ಒಂದು ಹಪ್ಪಳದ ಅಂಚು ಎತ್ತಿ ನೋಡಿ ಹಾಗೇ ಬಿಟ್ಟಳು. “ನೀರಜಾ, ಅದು ಈಗ ಹೇಗೆ ಉಂಟು?”

“ಯಾವುದು?”

“ಪಟ. ನಾನು ನೋಡಿದ್ದು ಅದೇ ಒಂದು ಸಲ, ಬಣ್ಣ ಹಸಿ ಇರುವಾಗ. ಆಮೇಲೆ ಹೋಟೆಲಿಗೆ ಹೋಯ್ತಲ್ಲ.”

ನಾನು ಅವಳನ್ನೇ ನೋಡಿದೆ. ಅಡಿಗೆಮನೆಯ ಆ ಬಾಗಿಲಿನಿಂದ ಗಲ್ಲಾಕ್ಕೆ ಇಪ್ಪತ್ತು ಹೆಜ್ಜೆ. ಇಪ್ಪತ್ತು ಹೆಜ್ಜೆಯಾಚೆ ಅವಳ ಮುಖಕ್ಕೆ ಊರವರೆಲ್ಲ ಕೈಮುಗಿಯುತ್ತಿದ್ದರು, ಅವಳು ಈಚೆ ಕುಳಿತು ಅದಕ್ಕೆ ಗಂಧ ತೇಯುತ್ತಿದ್ದಳು.

“ಉಗ್ರಾಣದಲ್ಲಿದೆ. ತೋರಿಸ್ತೇನೆ ಬಾ.”

“ಬೇಡ. ಅಕ್ಕಿಮೂಟೆ ಹಿಂದೆ ಕದ್ದು ನೋಡುವುದು ಬೇಡ. ಒಂದು ಸಲ ಗೋಡೆಯ ಮೇಲೆ ನೋಡಬೇಕು ಅಂತ ಇತ್ತು, ನಾಲ್ಕು ಜನ ನೋಡುವ ಹಾಗೆ. ಆಯಿತು ಬಿಡು. ಆ ಕಡೆಯದ್ದು ಮಗುಚು, ಒಣಗಿದೆ.”

ಅಮ್ಮನಿಗೆ ಇದನ್ನು ಹೇಳಿದೆ. ಅಮ್ಮ ತೊಗರಿಬೇಳೆ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ. ಒಂದು ಕಲ್ಲು ಹೆಕ್ಕಿ ಎಸೆದು, “ಒಂದು ಸಲವೂ ನೋಡ್ಲಿಲ್ಲವಾ?” ಎಂದಳು. “ನಾನು ಇಟ್ಟೆ ಅಂದದ್ದನ್ನು ಕೇಳಿಯೇ...” ಅಷ್ಟಕ್ಕೇ ನಿಲ್ಲಿಸಿದಳು.

ಮುಂದಿನ ಬುಧವಾರ ಬದರಿನಾಥ ಮತ್ತೆ ಬಂದ. ಅಪ್ಪಯ್ಯ ತಲೆ ಅಲ್ಲಾಡಿಸುತ್ತಲೇ ಇದ್ದರು.

“ಸಾಧ್ಯ ಇಲ್ಲ. ನಮ್ಮ ಮನೆಯ ಹೆಂಗಸು. ಟಿಕೀಟು ಇಟ್ಟು ತೋರಿಸ್ಲಿಕ್ಕೆ ಅವಳು ಸರ್ಕಸ್ಸಾ?”

“ಟಿಕೆಟ್ ಇಲ್ಲ ರಾಯರೇ.”

“ಇನ್ನೂ ಕೆಟ್ಟಿತು. ಯಾರು ಬೇಕಾದರೂ ಬರ್ತಾರೆ.”

ಅಮ್ಮ ಅಡಿಗೆಮನೆಯ ಬಾಗಿಲಲ್ಲಿ ಬಂದು ನಿಂತಳು. ಗಿರಾಕಿಗಳೆದುರು ಅವಳು ಹಾಗೆ ಬರುವುದು ಅಪರೂಪ. “ಇವರೇ, ಒಂದು ನಿಮಿಷ.”

“ಆಮೇಲೆ.”

“ಈಗಲೇ. ಅದು ದೋಷವೇ ಆಗಿದ್ದರೆ ಹದಿನೇಳು ವರ್ಷದಲ್ಲಿ ಮೊದಲು ತಟ್ಟಬೇಕಾದದ್ದು ನಿಮಗೆ. ಕುಂಕುಮ ಇಟ್ಟವಳು ನಿಮ್ಮ ಹೆಂಡತಿ. ನಿಮ್ಮ ಹೊಟ್ಟೆ ನೋಡಿಕೊಳ್ಳಿ ಒಮ್ಮೆ. ಎಂತ ಕಮ್ಮಿಯಾಗಿದೆ?”

ಬದರಿನಾಥ ಕಾಫಿ ಲೋಟದೊಳಗೆ ನೋಡಿದ. ಅಪ್ಪಯ್ಯ ಹೊಟ್ಟೆ ಒಳಗೆಳೆದುಕೊಂಡರು.

“ಜನ ಎಂತ ಹೇಳ್ತಾರೆ?”

“ಇಷ್ಟು ವರ್ಷ ಎಂತ ಹೇಳಿದ್ರು? ಅನ್ನಪೂರ್ಣೆ ಅಂದ್ರು. ನಾನು ಹದಿನಾರರಲ್ಲಿ ಈ ಮನೆಗೆ ಬಂದಾಗ ಅನ್ನಕ್ಕೆ ಎಷ್ಟು ನೀರು ಅಂತ ಗೊತ್ತಿರ್ಲಿಲ್ಲ. ಹೇಳಿಕೊಟ್ಟದ್ದು ಯಾರು? ಜನ ಹೇಳಿದ್ದರಲ್ಲಿ ಎಂತ ಸುಳ್ಳುಂಟು?”

ಅಪ್ಪಯ್ಯ ಉಗ್ರಾಣದ ಬೀಗದ ಕೈಯನ್ನು ಮೇಜಿನ ಮೇಲೆ ಇಟ್ಟರು. “ಹೆಸರು ಮಾತ್ರ ಹಾಕಬಾರದು,” ಎಂದರು ಬದರಿನಾಥನಿಗೆ.

“ಗುರುಗಳನ್ನ ಕೇಳ್ತೀನಿ.”

ಆತ ಪಟವನ್ನು ಹಳೆಯ ಧೋತರದಲ್ಲಿ ಸುತ್ತಿ, ಸೈಕಲ್ ರಿಕ್ಷಾದಲ್ಲಿ ತೊಡೆಯ ಮೇಲೆ ನಿಲ್ಲಿಸಿಕೊಂಡು ಹೋದ.

ಫೆಬ್ರುವರಿಯ ಎರಡನೆಯ ಭಾನುವಾರ ನಾವು ಮೂವರು ಹೆಂಗಸರು ಜಟಕಾ ಮಾಡಿಕೊಂಡು ಎಗ್ಮೂರಿಗೆ ಹೋದೆವು. ಅಪ್ಪಯ್ಯ ಬರಲಿಲ್ಲ. “ಹೋಟ್ಲು ನೋಡುವವರು ಯಾರು?” ಎಂದರು. ಅತ್ತೆ ಹೊಸದಾಗಿ ಒಗೆದ ಕೆಂಪು ಸೀರೆಯನ್ನು ತಲೆಯ ಮೇಲೆ ಬಿಗಿಯಾಗಿ ಎಳೆದುಕೊಂಡು, ಜಟಕಾದ ಹಿಂದುಗಡೆ ಕಾಲು ಇಳಿಬಿಟ್ಟು ಕುಳಿತಳು. ಕುದುರೆ ತಿರುವಿನಲ್ಲಿ ಜಗ್ಗಿದಾಗ ನನ್ನ ಮೊಣಕೈ ಹಿಡಿದುಕೊಂಡವಳು ಇಳಿಯುವವರೆಗೆ ಬಿಡಲಿಲ್ಲ.

ಅದು ಎತ್ತರದ ಸೂರಿನ ಹಳೆಯ ಹಾಲು. ಮೂರು ಕೋಣೆ. ಹೊಸ ಮರದ ಚೌಕಟ್ಟಿನ ವಾಸನೆ, ನಿಧಾನವಾಗಿ ತಿರುಗುವ ಫ್ಯಾನು, ಪಿಸುಮಾತಿನ ಜನ. ನಾನು ಅಲ್ಲಿಯವರೆಗೆ ಇಂಥ ಪ್ರದರ್ಶನ ನೋಡಿರಲಿಲ್ಲ. ಕಾಲೇಜಿನ ಲೈಬ್ರರಿಯಿಂದ ತಂದು ಓದುತ್ತಿದ್ದ ಅನುವಾದದ ಕಾದಂಬರಿಗಳಲ್ಲಿ ಚಿತ್ರಕಾರರು ಹಸಿದು ಸಾಯುತ್ತಾರೆ, ಇಲ್ಲವೇ ಯಾರನ್ನಾದರೂ ಪ್ರೀತಿಸಿ ಹಾಳಾಗುತ್ತಾರೆ. ಈತ ತಿಂಗಳ ಟಿಕೆಟ್ಟಿನಲ್ಲಿ ನಮ್ಮ ಅನ್ನ ಸಾರು ತಿಂದು ಬದುಕಿದವನು. ಆದ್ದರಿಂದ ನಾನು ಹೆಚ್ಚಿನದೇನನ್ನೂ ನಿರೀಕ್ಷಿಸದೆ ಒಳಗೆ ಹೋದೆ.

ಮೊದಲ ಕೋಣೆಯಲ್ಲಿ ಸ್ಟುಡಿಯೋದ ದಿನಗಳು. ಪರದೆಯ ಮೇಲೆ ಬರೆದ ಕಾಡು. ಅದರ ಮರಗಳಿಗೆ ಬುಡವೇ ಇಲ್ಲ, ಮುಂದೆ ನಟರು ನಿಲ್ಲುತ್ತಾರಲ್ಲ ಎಂದು ಬಿಟ್ಟದ್ದು. ಇನ್ನೊಂದರಲ್ಲಿ ಬಟ್ಟೆಯ ಅರಮನೆಯ ಹಿಂಬದಿ. ಕಿರೀಟ ಪಕ್ಕಕ್ಕಿಟ್ಟು ರಾಜನೊಬ್ಬ ಬೀಡಿ ಸೇದುತ್ತಿದ್ದಾನೆ. ಅವನ ಬೆವರಿನಲ್ಲಿ ಮುಖಕ್ಕೆ ಬಳಿದ ನೀಲಿ ಕರಗಿ ಕುತ್ತಿಗೆಯವರೆಗೆ ಇಳಿದಿತ್ತು.

“ಇವನು ದೇವರಾ, ವೇಷವಾ?” ಎಂದು ಅತ್ತೆ ಕೇಳಿದಳು.

“ವೇಷ.”

“ಪಾಪ, ಆಯಾಸವಾಗಿದೆ ಅವನಿಗೆ.”

ಅದರಾಚೆ ಮಾಧವರಂನ ಎಮ್ಮೆಗಳು. ಬೆಳಗಿನ ಮಂಜಿನಲ್ಲಿ ಕಪ್ಪು ಬೆನ್ನುಗಳ ಸಾಲು, ನಡುವೆ ಹಾಲಿನ ಕ್ಯಾನಿನ ಒಂದೇ ಒಂದು ಹೊಳಪು. ಆ ಹೊಳಪಿನ ಎದುರು ನಾನು ಬಹಳ ಹೊತ್ತು ನಿಂತೆ. ಹತ್ತಿರ ಹೋದರೆ ಕ್ಯಾನಿರಲಿಲ್ಲ, ಬಿಳಿಯ ಒರಟು ಗೆರೆಯೊಂದಿತ್ತು. ಹಿಂದೆ ಸರಿದರೆ ಮತ್ತೆ ಕ್ಯಾನು. ಅಮ್ಮ ಮಾತ್ರ ಎಮ್ಮೆಯನ್ನೇ ಪರೀಕ್ಷಿಸಿ, “ಕೆಚ್ಚಲು ಸರಿಯಾಗಿ ಬರೆದಿದ್ದಾನೆ. ಇದು ಎರಡು ಹೊತ್ತೂ ಕೊಡುವ ಎಮ್ಮೆ” ಎಂದಳು.

ಆಗ ನನಗೊಂದು ಹೊಳೆಯಿತು. ಅಲ್ಲಿದ್ದ ಯಾವ ಮನುಷ್ಯನೂ ನಮ್ಮನ್ನು ನೋಡುತ್ತಿರಲಿಲ್ಲ. ಎಲ್ಲರೂ ಏನೋ ಒಂದು ಕೆಲಸದಲ್ಲಿದ್ದರು. ಬೀಡಿ ಸೇದುವುದು ಕೂಡ ಕೆಲಸದಷ್ಟೇ ಗಮನ ಕೇಳುತ್ತಿತ್ತು. ಈತ ಯಾರನ್ನೂ ಕೂರಿಸಿ ಬರೆದವನಲ್ಲ. ಅತ್ತೆ ಅಂದು ಅಪ್ಪಯ್ಯನಿಗೆ ಹೇಳಿದ್ದು ಇಡೀ ಗೋಡೆಗೆ ಹೊಂದುತ್ತಿತ್ತು.

ಹನ್ನೊಂದನೆಯದು ಎರಡನೆಯ ಕೋಣೆಯಲ್ಲಿ ಒಂಟಿಯಾಗಿ ಇತ್ತು. ಕೆಳಗೆ ಚೀಟಿ: ಜಲಜಾಕ್ಷಿ. ಕೀಲ್ಪಾಕ್, ೧೯೪೬.

ಹೆಸರು ಹಾಕಿದ್ದರು. ಅಮ್ಮ ನನ್ನನ್ನು ನೋಡಿದಳು, ನಾನು ಅಮ್ಮನನ್ನು. ಅತ್ತೆ ಚೀಟಿ ನೋಡಲಿಲ್ಲ. ಅವಳು ಚಿತ್ರದ ಎದುರು ಹೋಗಿ, ಸೆರಗನ್ನು ಹಣೆಯಿಂದ ಸ್ವಲ್ಪ ಹಿಂದೆ ಸರಿಸಿ ನಿಂತಳು.

ಹಣೆಯ ದಪ್ಪ ಬೊಟ್ಟು ಇರಲಿಲ್ಲ. ಅದನ್ನು ತೆಗೆದಿದ್ದರು. ಹೋಟೆಲಿನ ಹದಿನೇಳು ವರ್ಷದ ಒಲೆಯ ಹೊಗೆ, ಎಣ್ಣೆ, ಕರ್ಪೂರ ಎಲ್ಲ ಕೂತು ಚಿತ್ರವೆಲ್ಲ ಹಳೆಯ ಬಾಣಲೆಯ ಬಣ್ಣಕ್ಕೆ ತಿರುಗಿತ್ತು. ಸೀರೆಯ ಕೆಂಪು ಕೂಡ ಕಂದಾಗಿತ್ತು. ಬೊಟ್ಟು ಇದ್ದ ಜಾಗ ಮಾತ್ರ, ಎಂಟಾಣೆಯಷ್ಟಗಲ, ಬೆಳ್ಳಗೆ ಉಳಿದಿತ್ತು. ಬಿಳಿ ಅಲ್ಲ. ಮೈಬಣ್ಣ. ಒಲೆಯ ಬೆಳಕು ಬಿದ್ದ, ಮೂವತ್ತಾರು ವರ್ಷದ, ಬೆವರ ಪಸೆಯಿದ್ದ ಚರ್ಮ.

ಅಮ್ಮ ನನ್ನ ತೋಳು ಹಿಡಿದಳು. “ನಾನು ಕಲೆ ಮಾಡಿಬಿಟ್ಟೆ. ನೋಡು, ಕಲೆ ಆಗಿದೆ.”

ಹಿಂದಿನಿಂದ ಬೆತ್ತದ ಕುರ್ಚಿ ಎಳೆದ ಸದ್ದಾಯಿತು. ಬದರಿನಾಥ ಒಬ್ಬ ಮುದುಕನನ್ನು ತೋಳು ಹಿಡಿದು ಕರೆತಂದ. ಬಲಗೈ ಮೈಗೆ ಅಂಟಿಕೊಂಡಂತೆ ತೂಗುತ್ತಿತ್ತು. ತುಟಿಯ ಒಂದು ಕೊನೆ ಕೆಳಗೆ ಜಾರಿತ್ತು, ಮಾತು ನಿಧಾನ.

“ಕುಂಕುಮ ಇಡ್ತಿದ್ದವರು ಯಾರು?”

ಅಮ್ಮ ಸೆರಗಿನ ತುದಿ ಹಿಡಿದುಕೊಂಡಳು. “ನಾನು. ಗೊತ್ತಿಲ್ಲದೆ ಆಯಿತು. ಬೊಟ್ಟು ಇಡ್ಲಿಕ್ಕೆ ನೀವು ಮರೆತಿರಿ ಅಂತ ಎಣಿಸಿದೆ.”

“ಒರೆಸಲಿಲ್ಲವಾ ಒಂದು ಸಲವೂ?”

“ಬಣ್ಣ ಹೋದೀತು ಅಂತ ಹೆದರಿಕೆಯಾಯ್ತು.”

ಹರಿದಾಸ ಎಡಗೈ ಎತ್ತಿ ಚಿತ್ರವನ್ನು ತೋರಿಸಿದ. “ಇವರೆಲ್ಲ ಹೊಗೆ ತೊಳೆಯುತ್ತೇವೆ ಅಂದರು. ಬೇಡ ಅಂದೆ. ಇವರ ಕೈಯ ಮೇಲೆ ನನಗೆ ನಂಬಿಕೆ ಇಲ್ಲ.” ಬದರಿನಾಥ ನಕ್ಕ. “ನಾನು ಬಳಿದ ಬಣ್ಣ ಈಗ ಉಳಿದಿರುವುದು ಅಷ್ಟೇ ಜಾಗದಲ್ಲಿ, ಅಮ್ಮ. ನಿಮ್ಮ ಕುಂಕುಮದ ಅಡಿ. ನೀವು ಇಡದೆ ಇದ್ದಿದ್ದರೆ ಅದೂ ಹೋಗುತ್ತಿತ್ತು.”

ಅಮ್ಮ ಕಣ್ಣು ಒರೆಸಿಕೊಂಡು, ಜನ ನೋಡಿದರೋ ಎಂದು ಅತ್ತಿತ್ತ ನೋಡಿದಳು.

ಮುದುಕ ಅತ್ತೆಯ ಕಡೆ ತಿರುಗಿದ. ಅವಳ ಪರಿಚಯವನ್ನು ಯಾರೂ ಮಾಡಿಕೊಟ್ಟಿರಲಿಲ್ಲ.

“ಹೋಲ್ತದಾ?”

ಅತ್ತೆ ಚಿತ್ರದಿಂದ ಕಣ್ಣು ತೆಗೆಯಲಿಲ್ಲ. “ಈಗ ಸರಿ ಉಂಟು. ವಯಸ್ಸಾದ ಹಾಗೆ ನನ್ನ ಮೂಗೂ ದೊಡ್ಡದಾಯ್ತು.”

ಅವನ ನಗು ಮುಖದ ಒಂದೇ ಬದಿಯಲ್ಲಿ ಮೂಡಿತು. ಸ್ವಲ್ಪ ಹೊತ್ತು ಇಬ್ಬರೂ ಚಿತ್ರ ನೋಡುತ್ತಾ ನಿಂತರು.

“ಊಟಕ್ಕೆ ಯಾರಿದ್ದಾರೆ?” ಎಂದಳು ಅತ್ತೆ.

“ತಂಗಿಯ ಮನೆ.”

“ಮೆತ್ತಗೆ ಮಾಡಿ ಹಾಕ್ತಾರಾ?”

“ಹಾಕ್ತಾರೆ.”

“ಹಾಗಾದರೆ ಆಯಿತು.”

ಮೂರನೆಯ ಕೋಣೆಯಲ್ಲಿ ಎಡಗೈಯಲ್ಲಿ ಬರೆದವು. ಅಲ್ಲಿ ಮನುಷ್ಯರೇ ಇರಲಿಲ್ಲ. ಬರೀ ಪಾತ್ರೆಗಳು: ಒಂದು ಲೋಟ, ಒಂದು ಚೆಂಬು, ಬೋರಲು ಹಾಕಿದ ಉರುಳಿ. ಗೆರೆಗಳು ಓರೆಕೋರೆ, ಬಣ್ಣ ಎರಡೋ ಮೂರೋ. “ಇದು ಮುಗಿದಿಲ್ಲ” ಎಂದಳು ಅಮ್ಮ. ನನಗೆ ಅವೇ ಹೆಚ್ಚು ಇಷ್ಟವಾದವು. ಯಾರೋ ಈಗಷ್ಟೇ ತೊಳೆದಿಟ್ಟು ಒಳಗೆ ಹೋದ ಹಾಗಿತ್ತು. ಇನ್ನೂ ನೀರು ಇಳಿಯುತ್ತಿತ್ತು. ಅತ್ತೆಗೆ ತೋರಿಸೋಣವೆಂದು ತಿರುಗಿದರೆ ಅವಳು ಎರಡನೆಯ ಕೋಣೆಯ ಬೆಂಚಿನ ಮೇಲೆ ಕುಳಿತಿದ್ದಳು. ಕಾಲೇಜು ಹುಡುಗಿಯರಿಬ್ಬರು ಬಂದು ಹನ್ನೊಂದನೆಯದನ್ನು ನೋಡಿದರು, ಹೆಸರು ಓದಿದರು, ಬೆಂಚಿನ ಕಡೆ ನೋಡಿದರು, ಮತ್ತೆ ಚಿತ್ರ ನೋಡಿದರು. ಅತ್ತೆ ಸೆರಗು ಮುಂದಕ್ಕೆಳೆದುಕೊಳ್ಳಲಿಲ್ಲ.

ಮನೆಗೆ ಬಂದ ಮೇಲೆ ಅಪ್ಪಯ್ಯ ಏನೂ ಕೇಳಲಿಲ್ಲ. ಊಟಕ್ಕೆ ಕೂತಾಗ ಅಮ್ಮ ತಾನಾಗಿ ಹೇಳಿದಳು, ಕುಂಕುಮದ ವಿಷಯವನ್ನು ಎರಡು ಸಲ. ಅಪ್ಪಯ್ಯ ಪಲ್ಯ ಹಾಕಿಸಿಕೊಂಡರು. ಗುರುವಾರ, ಕೊತ್ತವಾಲ್ ಚಾವಡಿಯ ತರಕಾರಿ ಮಾರ್ಕೆಟಿಗೆ ಹೋಗಿ ಕುಂಬಳಕಾಯಿ ನೋಡಿಕೊಂಡು ಬರುತ್ತೇನೆಂದು ಹೊರಟವರು ಬರಿಗೈಯಲ್ಲಿ ಬಂದರು. “ರೇಟು ಜಾಸ್ತಿ,” ಎಂದರು.

ಪ್ರದರ್ಶನ ಮುಗಿದ ಮಾರನೆಯ ಬುಧವಾರ ಬದರಿನಾಥ ಪಟವನ್ನು ಅದೇ ಧೋತರದಲ್ಲಿ ಸುತ್ತಿ ತಂದ.

“ಹೆಸರು ಹಾಕಿದ್ದಕ್ಕೆ ಕ್ಷಮಿಸಬೇಕು ರಾಯರೇ. ಗುರುಗಳು ಒಪ್ಪಲಿಲ್ಲ. ನೀವೇ ಬಂದು ನೋಡಿದ್ರಲ್ಲ ಮೊನ್ನೆ ಗುರುವಾರ. ಅಷ್ಟು ಹೊತ್ತು ಆ ಬೆಂಚಿನ ಮೇಲೆ ಕೂತಿದ್ರಿ, ಮಾತಾಡಿಸೋಣ ಅಂದ್ಕೊಂಡೆ...”

“ಎಗ್ಮೂರಲ್ಲಿ ಸ್ವಲ್ಪ ಕೆಲಸ ಇತ್ತು,” ಎಂದರು ಅಪ್ಪಯ್ಯ. “ಕಾಫಿ ಕುಡೀರಿ.”

ಆತ ಹೋದ ಮೇಲೆ ಕುರ್ಚಿ ಹತ್ತಿ, ಬಿಳಿ ಚೌಕದ ಮೇಲೆ ಪಟವನ್ನು ಸರಿಯಾಗಿ ಕೂರಿಸಿದರು.

ಶುಕ್ರವಾರ ಬೆಳಿಗ್ಗೆ ಎದ್ದಾಗ ಕಲ್ಲಿನ ಮೇಲೆ ಗಂಧ ತೇಯುವ ಸದ್ದು ಕೇಳಿಸಿತು. ಅಮ್ಮ ಮಿಂದು ಬಂದು ತಟ್ಟೆಯಲ್ಲಿ ಗಂಧ ತೆಗೆದುಕೊಂಡಳು, ಕುಂಕುಮದ ಭರಣಿ ಇಟ್ಟುಕೊಂಡಳು, ಎರಡು ಹೆಜ್ಜೆ ಹೋಗಿ ನಿಂತಳು.

“ಅತ್ತಿಗೆ.”

“ಎಂತ?”

“ಅದಕ್ಕೆ ಇಡಲಾ, ಬೇಡವಾ?”

ಅತ್ತೆ ಕಲ್ಲಿನ ಅಂಚಿನಿಂದ ಉಳಿದ ಗಂಧವನ್ನು ಬೆರಳಲ್ಲಿ ಬಳಿದು ತಟ್ಟೆಗೆ ಸೇರಿಸಿದಳು.

“ಇಡು. ಬಣ್ಣ ಉಳೀತದೆ.”

ಅಮ್ಮ ಹಾಲಿಗೆ ಹೋದಳು. ಅತ್ತೆ ಕಲ್ಲಿನ ಹತ್ತಿರ ಕೂರಲಿಲ್ಲ. ಸೆರಗು ಸರಿಮಾಡಿಕೊಂಡು ಬಾಗಿಲಿಗೆ ಬಂದಳು, ಹೊಸ್ತಿಲಲ್ಲಿ ನಿಂತಳು. ಇಡ್ಲಿಯ ಪಾತ್ರೆ ಹಿಡಿದ ಗುಂಡಣ್ಣ ಅವಳ ಹಿಂದೆ ಸಿಕ್ಕಿಹಾಕಿಕೊಂಡ.

“ಜಲಜಕ್ಕ, ಬಿಸಿ ಉಂಟು. ಒಳಗಾದರೆ ಒಳಗೆ, ಹೊರಗಾದರೆ ಹೊರಗೆ.”

ಅಪ್ಪಯ್ಯ ಗಲ್ಲಾದ ಮುಂದೆ ಬೀಗದ ಕೈ ಹಿಡಿದುಕೊಂಡು ನಿಂತಿದ್ದವರು ಈ ಕಡೆ ನೋಡಿದರು. “ಹೊರಗೇ ಬಾ ಅಕ್ಕ,” ಎಂದರು. “ಅವನ ಕೈ ಸುಡ್ತದೆ.”

ಅತ್ತೆ ಬಂದಳು. ಇಪ್ಪತ್ತು ಹೆಜ್ಜೆ ಏನಿಲ್ಲ. ಹದಿನಾಲ್ಕೇ ಆಯಿತು, ನಾನು ಎಣಿಸಿದೆ. ಅಮ್ಮ ಕುರ್ಚಿಯ ಮೇಲೆ ನಿಂತು ಆ ಎಂಟಾಣೆಯಷ್ಟಗಲದ ಜಾಗಕ್ಕೆ ಸರಿಯಾಗಿ ಗಂಧ ಹಚ್ಚಿ, ಮೇಲೆ ಕುಂಕುಮ ಇಟ್ಟು ಇಳಿದಳು. ಬೀದಿಯ ಬಾಗಿಲಲ್ಲಿ ಆಗಲೇ ಮೂರು ಮಂದಿ ಗಿರಾಕಿಗಳು ಕಾಯುತ್ತಿದ್ದರು.

ಅಪ್ಪಯ್ಯ ಪಟ ನೋಡಿದರು. ಪಕ್ಕದಲ್ಲಿ ನಿಂತ ಅಕ್ಕನನ್ನು ನೋಡಿದರು. ಸಂಕೋಚದಲ್ಲಿ ಒಮ್ಮೆ ಕೆಮ್ಮಿ, ಎಂದಿನಂತೆ ಎರಡೂ ಕೈ ಜೋಡಿಸಿ ಕಣ್ಣು ಮುಚ್ಚಿದರು. ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತೇ ಹಾಗೆ ನಿಂತರು.

“ಸಾಕು ಮಧ್ವಾ,” ಎಂದಳು ಅತ್ತೆ. “ಗಲ್ಲಾ ತೆಗಿ. ಪಾಪ, ಹಸಿದು ಬಂದಿದ್ದಾರೆ.”